ಕಡ ತಂದ ಸೈಕಲ್ಲಿನ ಸೇವಾ ಸವಾರಿ

ಮುಖದ ಮೇಲೆ ಇಲ್ಲ ಅನ್ನುವ ವಿದ್ಯೆಯನ್ನು ನಮ್ಮ ಕಡೆಯ ಜನ ಕಲಿಯಲೇ ಇಲ್ಲ. ಐವತ್ತೊಂದು ವರ್ಷ ದಾವಣಗೆರೆಯಲ್ಲೇ ಬದುಕಿದ ಮೇಲೆ ಈ ಮಾತನ್ನು ನಾನು ಸಾಕಷ್ಟು ಪುರಾವೆ ಇಟ್ಟುಕೊಂಡೇ ಹೇಳುತ್ತಿದ್ದೇನೆ. ಯಾರನ್ನಾದರೂ ಯಾವುದಕ್ಕಾದರೂ ಕರೆಯಿರಿ, "ಆತು ಬಿಡ್ರಿ" ಅನ್ನುತ್ತಾರೆ, ಇಲ್ಲವೇ "ನೋಡಾಣಂತೆ" ಅನ್ನುತ್ತಾರೆ, ಇಲ್ಲವೇ "ನೀವು ಕರದ ಮ್ಯಾಲೆ ಬರದೆ ಇರ್ತೀವೇನ್ರಿ" ಅನ್ನುತ್ತಾರೆ. ಮೊದಲನೆಯ ಮಾತು ಆಡಿದವರಲ್ಲಿ ಅರ್ಧ ಜನ ಬರುತ್ತಾರೆ. ಎರಡನೆಯದನ್ನು ಆಡಿದವರು ಯಾರೂ ಬರುವುದಿಲ್ಲ. ಮೂರನೆಯದನ್ನು ಆಡಿದವರು ಆ ದಿನ ಊರಲ್ಲೇ ಇರುವುದಿಲ್ಲ. ದೇವರಾಜ ಅರಸು ಬಡಾವಣೆಯಲ್ಲಿ ಮನೆ ಕಟ್ಟಿ ಗೃಹಪ್ರವೇಶ ಮಾಡಿದಾಗ ಈ ಸೂಕ್ಷ್ಮ ನನಗೆ ತಿಳಿದಿರಲಿಲ್ಲ. ಹೂಂ ಅಂದವರನ್ನೆಲ್ಲ ಎಣಿಸಿ ಅಡುಗೆಯವರಿಗೆ ಹೇಳಿಬಿಟ್ಟೆ. ಆಮೇಲೆ ಮೂರು ದಿನ ನಾವು ಹೋಳಿಗೆಯನ್ನೇ ತಿಂದೆವು. ಮೂರನೆಯ ದಿನದ ಹೊತ್ತಿಗೆ ನಮ್ಮ ಕೈಯಲ್ಲಿ ಡಬ್ಬಿ ಕಂಡರೆ ಸಾಕು, ಪಕ್ಕದ ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರು ಕೂಡ ಮುಖದ ಮೇಲೆ ಬೇಡ ಅನ್ನಲಿಲ್ಲ ಎಂಬುದನ್ನು ಗಮನಿಸಬೇಕು.

ನಾನು ಹಾಜರಿ ವಿಭಾಗದವನು. ದೊಡ್ಡಬಾತಿ ದಾಟಿದ ಮೇಲೆ, ಹರಿಹರದ ಹಳೆಯ ಹೆದ್ದಾರಿಯ ಪಕ್ಕದಲ್ಲಿ ಪಂಪುಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆ ಇದೆ. ಅಲ್ಲಿ ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಇಪ್ಪತ್ತಾರು ವರ್ಷದಿಂದ ಬರೆದಿಡುತ್ತಿದ್ದೇನೆ. ಇದರಿಂದ ನನ್ನ ಸ್ವಭಾವ ಕೆಟ್ಟಿದೆ ಎಂಬುದು ನನ್ನ ಹೆಂಡತಿ ಗಿರಿಜಾಳ ದೂರು. ಟೈಮ್ ಎಷ್ಟಾತು ಅಂತ ಕೇಳಿದರೆ ಎಲ್ಲರ ಗಂಡಂದಿರೂ ಆರೂಕಾಲು ಅನ್ನುತ್ತಾರಂತೆ, ನಾನು ಆರು ಗಂಟೆ ಹದಿನೇಳು ನಿಮಿಷ ಅನ್ನುತ್ತೇನಂತೆ. ನಾನು ಇದನ್ನು ದೂರು ಎಂದು ತೆಗೆದುಕೊಂಡವನಲ್ಲ. ಆದದ್ದನ್ನು ಆದಷ್ಟೇ ಹೇಳುವುದು, ಒಂದು ಅಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ, ಇದೊಂದೇ ನನಗೆ ಬರುವ ಕೆಲಸ ಎಂದು ನಂಬಿದ್ದೆ. ಹೋದ ವರ್ಷದ ತನಕ ಈ ನಂಬಿಕೆಯಿಂದ ನನಗೆ ಒಳ್ಳೆಯ ನಿದ್ದೆಯೂ ಬರುತ್ತಿತ್ತು.

ಹೋದ ವರ್ಷ ನಮ್ಮಲ್ಲಿಗೆ ಹೊಸ ಎಚ್.ಆರ್. ಮ್ಯಾನೇಜರ್ ಬಂದರು. ಚುರುಕಾದ ಹೆಣ್ಣುಮಗಳು, ಎಲ್ಲರನ್ನೂ ನಗುತ್ತ ಮಾತಾಡಿಸುವವರು, ಇಲ್ಲಿ ಅವರ ಬಗ್ಗೆ ಕೆಟ್ಟ ಮಾತು ಹುಡುಕಿದರೂ ಸಿಗುವುದಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಹೈಸ್ಕೂಲಿಗೆ ಮೈಲಿಗಟ್ಟಲೆ ನಡೆದು ಹೋಗುವ ಮಕ್ಕಳಿಗೆ ಸೈಕಲ್ ಕೊಡಿಸಬೇಕು, ಅದಕ್ಕಾಗಿ ಕಂಪನಿಯ ಸಿಬ್ಬಂದಿಯೆಲ್ಲ ಒಂದು ಭಾನುವಾರ ದಾವಣಗೆರೆಯಿಂದ ಹರಿಹರದ ಹೊಳೆಯ ತನಕ ಸೈಕಲ್ ತುಳಿಯಬೇಕು, ಎಷ್ಟು ಜನ ತುಳಿಯುತ್ತಾರೋ ಅಷ್ಟು ಸೈಕಲ್ಲನ್ನು ಕಂಪನಿ ಕೊಡುತ್ತದೆ, ಇದು ಅವರ ಯೋಜನೆ. ಹೆಸರು ಸೇವಾ ಸವಾರಿ. ಜನ ಸೇರಿಸುವ ಕೆಲಸ ನನ್ನ ಪಾಲಿಗೆ ಬಂತು.

"ಸರ್, ನಿಮಗೆ ಎಲ್ಲರೂ ಗೊತ್ತು. ನೀವು ಕರೆದ್ರೆ ಬರ್ತಾರೆ" ಎಂದರು ಮೇಡಂ.

ನಾನು ಇಲ್ಲ ಅನ್ನಬಹುದಿತ್ತು. ಆದರೆ ನಾನೂ ದಾವಣಗೆರೆಯವನೇ.

ಅಂದಿನಿಂದ ಮೂರು ವಾರ ನಾನು ಕೈಯಲ್ಲಿ ಒಂದು ನೋಟ್‌ಬುಕ್ ಹಿಡಿದು ವಿಭಾಗ ವಿಭಾಗ ಅಲೆದೆ. ಮೊದಲು ಹೋದದ್ದು ಅಕೌಂಟ್ಸಿನ ನಾಗರಾಜನ ಹತ್ತಿರ. ನಾಗರಾಜ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬಹಳ ದುಃಖದಿಂದ, "ಮಂಡಿ ನೋವೈತ್ರಿ ನನಗೆ" ಎಂದ. ನಿನ್ನೆ ಮೂರು ಮಹಡಿ ಹತ್ತಿ ಬಂದೆಯಲ್ಲ ಎಂದು ಕೇಳಿದೆ. "ಮೆಟ್ಲು ಹತ್ತಿದ್ರೆ ಬರಂಗಿಲ್ಲ. ಸ್ಕೂಟರ್ ಮ್ಯಾಲೆ ಕುಂತ್ರೂ ಬರಂಗಿಲ್ಲ. ಸೈಕಲ್ ಅಂತ ಯಾರಾರ ಅಂದಕೂಡ್ಲೆ ಬರ್ತೈತೆ. ಈಗ ನೋಡ್ರಿ, ಆಗ್ಲೆ ಶುರುವಾತು." ಪರ್ಚೇಸಿನ ಶೋಭಾ ಎಂಬ ಹೆಣ್ಣುಮಗಳಿಗೆ ಬರಲು ಮನಸ್ಸಿತ್ತು. "ಆದ್ರೆ ನಮ್ಮತ್ತೆಗೆ ಏನಂತ ಹೇಳ್ಲಿ ಸರ್? ಆಫೀಸಿನ್ಯಾಗೆ ಸೈಕಲ್ ಹೊಡಸ್ತಾರೆ ಅಂದ್ರೆ, ನಿನ್ನ ಕೆಲಸದಿಂದ ತಗದ್ರೇನು, ಸುಳ್ಳು ಹೇಳಬ್ಯಾಡ ಅಂತಾರೆ." ಸ್ಟೋರ್ಸಿನ ಇಕ್ಬಾಲ್ ನನ್ನ ಜೊತೆಯಲ್ಲೇ ಕೆಲಸಕ್ಕೆ ಸೇರಿದವನು, ನನಗೆ ಬೇಕಾದವನು. ಅವನು ಹೇಳಿದ್ದು ಇಷ್ಟು: "ವೀರಣ್ಣ, ಸೈಕಲ್ ತುಳಿಯೋದು ಬಡವರ ಹಣೆಬರ, ನನ್ನ ಮಗ ತುಳಿಬಾರದು ಅಂತ ನಮ್ಮಪ್ಪ ಹೊಟ್ಟೆ ಬಟ್ಟೆ ಕಟ್ಟಿ ಸ್ಕೂಟರ್ ಕೊಡಿಸಿದ. ಈಗ ಅದು ಸಾವ್ಕಾರ್ರ ಶೋಕಿ ಆಗೈತೆ. ನಾನು ಎತ್ತಾಗೂ ಸೇರದೆ ನಡುವ ಸಿಕ್ಕೊಂಡೀನಿ. ನನ್ನ ಬಿಟ್ಟುಬಿಡು."

ಮೊದಲ ವಾರ ನೋಟ್‌ಬುಕ್ಕಿನಲ್ಲಿ ಮೂರು ಹೆಸರಿದ್ದವು, ಅದರಲ್ಲಿ ಒಂದು ನನ್ನದು. ಎರಡನೆಯ ವಾರ ಟೀ-ಶರ್ಟ್ ಪುಕ್ಕಟೆ ಎಂಬ ಸುದ್ದಿ ಹರಡಿತು, ಹೆಸರು ಒಂಬತ್ತಾದವು. ಮೂರನೆಯ ವಾರ ಹೊಳೆಯ ದಂಡೆಯಲ್ಲಿ ಉಪ್ಪಿಟ್ಟು, ಕೇಸರಿಬಾತು, ಮಂಡಕ್ಕಿ, ಮಿರ್ಚಿ ಎಂದೂ, ಬಂದವರಿಗೆ ಸೋಮವಾರ ಬದಲಿ ರಜೆ ಎಂದೂ ಮೇಡಂ ಒಪ್ಪಿಗೆ ಕೊಟ್ಟರು. ಮಧ್ಯಾಹ್ನದ ಊಟದೊಳಗೆ ಇಪ್ಪತ್ತನಾಲ್ಕು ಹೆಸರಾದವು. ನಾಗರಾಜನ ಮಂಡಿಯೂ ವಾಸಿಯಾಯಿತು. ಶೋಭಾಳ ಅತ್ತೆಗೆ ನಾನೇ ಫೋನಿನಲ್ಲಿ, ನಿಮ್ಮ ಸೊಸೆ ಇನ್ನೂ ಕೆಲಸದಲ್ಲಿದ್ದಾಳೆ ಎಂದು ಖಾತ್ರಿ ಕೊಟ್ಟೆ. ಗೃಹಪ್ರವೇಶದ ಅನುಭವ ಇದ್ದುದರಿಂದ ಪ್ರತಿ ಹೆಸರಿನ ಮುಂದೆಯೂ ಅವರು ಆಡಿದ ಮಾತನ್ನು ಅವರದೇ ಶಬ್ದಗಳಲ್ಲಿ ಬರೆದುಕೊಂಡಿದ್ದೆ. ಇದು ಆತು ಬಿಡ್ರಿ, ಇದು ನೋಡಾಣಂತೆ. ಯಾರ ಹೂಂ ಎಷ್ಟು ಗಟ್ಟಿ ಎಂಬುದನ್ನು ಅಕ್ಕಸಾಲಿಗನ ಹಾಗೆ ಒರೆಗೆ ಹಚ್ಚಿ ನೋಡಿದೆ. ಅಷ್ಟೆಲ್ಲ ನೋಡಿದವನು ಒಂದು ಪ್ರಶ್ನೆ ಕೇಳುವುದನ್ನು ಮಾತ್ರ ಮರೆತಿದ್ದೆ. ಅದು ನೆನಪಾದದ್ದು ಶನಿವಾರ ಮಧ್ಯಾಹ್ನ, ಇಕ್ಬಾಲ್ ಬಂದು ಕೇಳಿದಾಗ.

"ಎಲ್ಲಾ ಸರಿ ವೀರಣ್ಣ. ಸೈಕಲ್ ಎಲ್ಲೈತೆ?"

ಇಪ್ಪತ್ತನಾಲ್ಕು ಜನರಲ್ಲಿ ಸೈಕಲ್ ಇದ್ದದ್ದು ಐದು ಜನರ ಮನೆಯಲ್ಲಿ. ಅದರಲ್ಲಿ ಎರಡರ ಮೇಲೆ ಬಟ್ಟೆ ಒಣಗಹಾಕುತ್ತಿದ್ದರು. ನನ್ನ ಮನೆಯಲ್ಲಂತೂ ಇಪ್ಪತ್ತು ವರ್ಷದಿಂದ ಸೈಕಲ್ ಇಲ್ಲ. ಚಿಕ್ಕಂದಿನಲ್ಲಿ ವಿನೋಬನಗರದ ಅಂಗಡಿಯಲ್ಲಿ ಗಂಟೆ ಬಾಡಿಗೆಗೆ ಸೈಕಲ್ ತಂದು, ಬಾರಿನ ಕೆಳಗೆ ಕಾಲು ತೂರಿಸಿ ತುಳಿದು, ಎರಡೂ ಮಂಡಿ ಕೆತ್ತಿಸಿಕೊಂಡು ಕಲಿತದ್ದೇ ನನ್ನ ಬಂಡವಾಳ. ಆಗ ನಮ್ಮ ಊರಿನಲ್ಲಿ ಕೆಲಸ ಇರುವವನು ಎಂದರೆ ಸೈಕಲ್ ಇರುವವನು. ಆಮೇಲೆ ಯಾವಾಗಲೋ ಅದು ತಿರುಗಿಬಿತ್ತು. ನಮ್ಮ ಕಾರ್ಖಾನೆಯಲ್ಲಿ ದಿನಾ ಸೈಕಲ್ ತುಳಿದು ಬರುವವರು ಇಲ್ಲವೆಂದಲ್ಲ. ಗೇಟಿನ ಎಡಗಡೆ ತಗಡಿನ ಮಾಡಿನ ಕೆಳಗೆ ಇಪ್ಪತ್ತೈದು ಮೂವತ್ತು ಸೈಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಅವೆಲ್ಲ ಗುತ್ತಿಗೆ ಕೆಲಸಗಾರರವು. ಸೇವಾ ಸವಾರಿಗೆ ಅವರನ್ನು ಕರೆಯಬೇಕೆಂದು ಮೇಡಂಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅವರು ಕಂಪನಿಯ ಸಿಬ್ಬಂದಿ ಅಲ್ಲವಲ್ಲ, ಗುತ್ತಿಗೆದಾರನ ಜನ. ಇಕ್ಬಾಲ್ ಆ ಮಾಡಿನ ಕಡೆ ಗದ್ದ ಎತ್ತಿ ತೋರಿಸಿದ. ನನಗೆ ಎಂಥ ಸುಲಭ ಉಪಾಯ ಅನ್ನಿಸಿತು ಎಂದರೆ, ಇಷ್ಟು ದಿನ ಹೊಳೆಯದೆ ಹೋಯಿತಲ್ಲ ಎಂದು ನನ್ನ ತಲೆಯನ್ನು ನಾನೇ ಬೈದುಕೊಂಡೆ.

ಮೂರೂವರೆಗೆ ಪಾಳಿ ಬಿಡುವ ಹೊತ್ತಿಗೆ ಹೋಗಿ ಮಾಡಿನ ಕೆಳಗೆ ನಿಂತೆ. ಒಬ್ಬೊಬ್ಬರನ್ನೇ ಕೇಳಿದೆ. ಭಾನುವಾರ ಹೆಚ್ಚಿನವರಿಗೆ ರಜೆ, ಅಡಚಣೆ ಏನಿಲ್ಲ. ಹನ್ನೊಂದು ಸೈಕಲ್ ಸಿಕ್ಕವು. ಹನ್ನೆರಡನೆಯದು ಪರಸಪ್ಪನದು.

ಪರಸಪ್ಪ ಹರಿಹರದವನು. ಬಾಯ್ಲರಿನ ಹತ್ತಿರ ಕೆಲಸ, ಒಂಬತ್ತು ವರ್ಷದಿಂದ. ನನಗಿಂತ ಎರಡು ವರ್ಷ ದೊಡ್ಡವನು. ಅವನನ್ನು ನಾನು ನೀನು ಅನ್ನುತ್ತೇನೆ, ಅವನು ನನ್ನನ್ನು ನೀವು ಅನ್ನುತ್ತಾನೆ. ಒಂಬತ್ತು ವರ್ಷದಲ್ಲಿ ಇದು ಇಬ್ಬರಿಗೂ ವಿಚಿತ್ರ ಅನ್ನಿಸಿಲ್ಲ, ಅಥವಾ ನನಗೆ ಅನ್ನಿಸಿಲ್ಲ. ಅವನ ಸೈಕಲ್ ಕಪ್ಪು ಬಣ್ಣದ ಹಳೆಯ ಗಟ್ಟಿ ಸೈಕಲ್. ಸೀಟಿಗೆ ಅವನ ಹೆಂಡತಿ ಹೊಲಿದ ಕವರು, ಹ್ಯಾಂಡಲಿಗೆ ಎಣ್ಣೆ ಒರೆಸಿದ ಹೊಳಪು. ಸಾಲಿನಲ್ಲಿದ್ದ ಎಲ್ಲ ಸೈಕಲ್ಲುಗಳಿಗಿಂತ ಅದೇ ಚೆನ್ನಾಗಿತ್ತು, ಆದ್ದರಿಂದ ಅದನ್ನು ನನಗೇ ಎಂದು ಆರಿಸಿಕೊಂಡಿದ್ದೆ.

ಇಲ್ಲಿಂದ ಮುಂದಿನ ಮಾತುಗಳನ್ನು ನಾನು ಬಹಳ ಸಲ ನೆನಪು ಮಾಡಿಕೊಂಡಿದ್ದೇನೆ. ಒಂದು ಶಬ್ದವೂ ಬದಲಾಗದ ಹಾಗೆ ಬರೆಯುತ್ತೇನೆ.

"ಪರಸಪ್ಪ, ನಾಳೆ ಒಂದಿನ ನಿನ್ನ ಸೈಕಲ್ ಬೇಕಿತ್ತು. ಕಂಪನಿ ಕೆಲಸಕ್ಕೆ" ಎಂದೆ ನಾನು.

ಅವನು ಸೈಕಲ್ಲನ್ನೊಮ್ಮೆ ನೋಡಿದ. "ಅದಕ್ಕೇನ್ರಿ ಸರ್, ತಗಂಡು ಹೋಗ್ರಿ."

"ನಾಳೆ ನಿನ್ನ ಪಾಳಿ ಇಲ್ಲ ಹೌದಲ್ಲ?"

"ಐತ್ರಿ. ಬಾಯ್ಲರಿಗೆ ಭಾನುವಾರ ಎಲ್ಲಿಂದ ಬರ್ಬೇಕು. ಪರವಾಗಿಲ್ಲ, ಬಸ್ಸಿಗೆ ಬರ್ತೀನಿ." ಹೀಗೆಂದು ಬೀಗದ ಕೈ ಕೊಟ್ಟ. ಕೊಟ್ಟ ಮೇಲೆ ಸ್ವಲ್ಪ ತಡೆದು, "ಗೇಟಿನ್ಯಾಗೆ ಒಂದು ಮಾತು ಹೇಳಿ ಇಡ್ರಿ ಸರ್. ಬಸ್ಸು ಹೆಂಗೋ ಏನೋ. ನಂದು ಈ ತಿಂಗ್ಳು ಆಗ್ಲೆ ಎಲ್ಡು ಆಗ್ಯಾವೆ" ಎಂದ.

"ಹೇಳ್ತೀನಿ ಬಿಡು" ಎಂದೆ.

ಎರಡು ಆಗಿವೆ ಎಂದರೆ ಏನೆಂದು ಹೇಳಬೇಕು. ನಮ್ಮಲ್ಲಿ ಗುತ್ತಿಗೆಯವರಿಗೆ ಬೆಳಿಗ್ಗೆ ಗೇಟಿನಲ್ಲಿ ಒಂದು ಹಿತ್ತಾಳೆಯ ಟೋಕನ್ ಕೊಡುತ್ತಾರೆ. ಪಾಳಿ ಏಳಕ್ಕೆ. ಏಳೂಕಾಲರ ಮೇಲೆ ಟೋಕನ್ ಇಲ್ಲ, ವಾಪಸ್ ಹೋಗಬೇಕು. ತಿಂಗಳಲ್ಲಿ ಮೂರು ಸಲ ಹೀಗೆ ವಾಪಸ್ ಹೋದವನಿಗೆ ಆ ತಿಂಗಳು ಮತ್ತೆ ಟೋಕನ್ ಇಲ್ಲ, ಅವನ ಹೆಸರನ್ನು ಗುತ್ತಿಗೆ ಬದಲಾಗುವಾಗ ಹೊಸ ಪಟ್ಟಿಗೆ ಸೇರಿಸುವುದಿಲ್ಲ. ಗುತ್ತಿಗೆ ಬದಲಾಗುವುದು ಅದೇ ತಿಂಗಳ ಕೊನೆಗೆ ಇತ್ತು. ಕಾಯಂ ಸಿಬ್ಬಂದಿಯಾದ ನಮಗೆ ಹೆಬ್ಬೆಟ್ಟಿನ ಯಂತ್ರ, ತಿಂಗಳಿಗೆ ಎರಡು ಸಲ ಅರ್ಧ ಗಂಟೆ ತಡವಾದರೆ ಯಾರೂ ಕೇಳುವುದಿಲ್ಲ. ಈ ನಿಯಮದ ಕರಡು ಬರೆದದ್ದು ನಾನೇ. ಬಹಳ ಸ್ಪಷ್ಟವಾಗಿದೆ ಎಂದು ಆಗಿನ ಮ್ಯಾನೇಜರು ಮೆಚ್ಚಿಕೊಂಡಿದ್ದರು.

ಗೇಟಿಗೂ ನಾನು ನಿಂತಿದ್ದ ಮಾಡಿಗೂ ಮೂವತ್ತು ಹೆಜ್ಜೆ. ಅಷ್ಟರಲ್ಲಿ ಟೀ-ಶರ್ಟಿನ ಗಂಟು ಬಂತು ಎಂದು ಕೂಗಿದರು. ಹೋಗಿ ಬಿಚ್ಚಿದರೆ ಎಲ್ಲವೂ ಒಂದೇ ಅಳತೆಯವು. ನಾಗರಾಜ ಒಂದನ್ನು ಹಾಕಿಕೊಂಡು, ಹೊಟ್ಟೆಯ ಮೇಲೆ ಸೇವಾ ಎಂಬ ಅಕ್ಷರಗಳು ಹಿಗ್ಗಿಹೋಗಿ, ಉಸಿರು ಬಿಗಿಹಿಡಿದು ನಿಂತಿದ್ದ. "ವೀರಣ್ಣಾರೆ, ಇದನ್ನ ಹಾಕಾಕೆ ಬಂತು, ತಗಿಯಾಕೆ ಬರವಲ್ದು" ಎಂದ. ಇಬ್ಬರು ಹಿಡಿದು ಎಳೆದು ಅವನನ್ನು ಬಿಡಿಸಿದೆವು. ಎಲ್ಲರೂ ನಕ್ಕೆವು, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ಮುಗಿಯುವ ಹೊತ್ತಿಗೆ ಆರು ಗಂಟೆಯಾಗಿತ್ತು. ಸೈಕಲ್ಲುಗಳನ್ನು ಕಂಪನಿಯ ಲಾರಿಗೆ ಹಾಕಿಸಿ ದಾವಣಗೆರೆಗೆ ಕಳಿಸಿ, ಗೇಟಿನ ಮುಂದೆಯೇ ಹಾದು, ಗೇಟಿನವನು ಮಾಡಿದ ಸೆಲ್ಯೂಟಿಗೆ ತಲೆಯಾಡಿಸಿ ಮನೆಗೆ ಹೋದೆ.

ಭಾನುವಾರ ಬೆಳಿಗ್ಗೆ ಹೈಸ್ಕೂಲು ಮೈದಾನದಲ್ಲಿ ಆರಕ್ಕೆ ಬಾವುಟ ತೋರಿಸಬೇಕಿತ್ತು. ಮುಖ್ಯ ಅತಿಥಿಗಳು ಆರೂ ಮೂವತ್ತೆಂಟಕ್ಕೆ ಬಂದರು. ಇಪ್ಪತ್ತನಾಲ್ಕು ಹೆಸರಿನಲ್ಲಿ ಹದಿನೇಳು ಜನ ಬಂದಿದ್ದರು, ನಮ್ಮೂರಿನ ಲೆಕ್ಕಕ್ಕೆ ಇದು ದಾಖಲೆ. ಮೇಡಂ ಸಂತೋಷದಿಂದ ನನ್ನ ಕೈ ಕುಲುಕಿದರು. ದೊಡ್ಡಬಾತಿಯ ಆಚೆ ರಸ್ತೆಯ ಒಂದು ಬದಿಯನ್ನು ಪೈಪು ಹಾಕಲು ಅಗೆದಿದ್ದರು. ಆದ್ದರಿಂದ ನಮ್ಮ ಸವಾರಿ ದಾಟುವ ತನಕ ಹರಿಹರದ ಕಡೆಯಿಂದ ಬರುವ ವಾಹನಗಳನ್ನು ನಿಲ್ಲಿಸಲು ಪೊಲೀಸರನ್ನು ಮೊದಲೇ ಕೇಳಿಕೊಂಡಿದ್ದೆವು. ಆ ಮನವಿ ಪತ್ರವನ್ನೂ ಬರೆದದ್ದು ನಾನೇ. ಆರು ಗಂಟೆಗೆ ಹೊರಡುತ್ತೇವೆ ಎಂದು ಬರೆದಿದ್ದೆ, ಅವರು ಆರೂ ಇಪ್ಪತ್ತಕ್ಕೇ ವಾಹನ ನಿಲ್ಲಿಸಿದರು. ಅವರದೇನೂ ತಪ್ಪಿಲ್ಲ.

ಪರಸಪ್ಪನ ಸೈಕಲ್ ಹೂವಿನ ಹಾಗೆ ಓಡಿತು. ಮೊದಲು ಸ್ವಲ್ಪ ತೂರಾಡಿದೆ, ಆಮೇಲೆ ಮೈ ನೆನಪು ಮಾಡಿಕೊಂಡಿತು. ಬೆಳಗಿನ ಗಾಳಿ, ಮುಂದೆ ಹಿಂದೆ ಹಳದಿ ಟೀ-ಶರ್ಟುಗಳು, ರಸ್ತೆ ಬದಿಯಲ್ಲಿ ನಿಂತು ನೋಡುವ ಜನ. ಶೋಭಾ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದಳು, ಹಿಂದೆ ಅವಳ ಅತ್ತೆಯೇ ಅಟ್ಟಿಸಿಕೊಂಡು ಬಂದ ಹಾಗಿತ್ತು. ನಾಗರಾಜ ದೊಡ್ಡಬಾತಿಯ ಹತ್ತಿರವೇ ಇಳಿದು, ಚೈನು ಬಿದ್ದಿದೆ ಎಂದು ಹೇಳಿ, ಬೀಳದ ಚೈನಿನ ಪಕ್ಕ ಕೂತುಬಿಟ್ಟ. ನಮ್ಮ ಕಾರ್ಖಾನೆಯ ಗೇಟು ದಾಟಿದಾಗ ನನಗೆ ಹೆಮ್ಮೆಯಾಯಿತು. ಒಳ್ಳೆಯ ಕೆಲಸ ಮಾಡುವವನ ಎದೆಯಲ್ಲಿ ಇರುವುದೆಲ್ಲ ನನ್ನ ಎದೆಯಲ್ಲಿ ಇತ್ತು. ಗೇಟಿನವನಿಗೆ ಕೈ ಬೀಸಿದೆ. ಆಗಲೂ ನೆನಪಾಗಲಿಲ್ಲ.

ಗೇಟಿನಿಂದ ಒಂದೂವರೆ ಕಿಲೋಮೀಟರು ಮುಂದೆ ಎದುರುಗಡೆಯ ವಾಹನಗಳ ಸಾಲು ಶುರುವಾಯಿತು. ಲಾರಿಗಳು, ಟಂಟಂ ಆಟೋಗಳು, ಮಧ್ಯದಲ್ಲಿ ಒಂದು ಬಸ್ಸು. ಬಸ್ಸಿನಿಂದ ಇಳಿದ ಕೆಲವರು ಅಗೆದ ಮಣ್ಣಿನ ಪಕ್ಕದಲ್ಲಿ ನಡೆದುಕೊಂಡು ಬರುತ್ತಿದ್ದರು. ಅವರಲ್ಲಿ ಪರಸಪ್ಪ ಇದ್ದ. ನಡೆಯುತ್ತಿದ್ದ ಎನ್ನುವುದು ಸರಿಯಲ್ಲ, ನಾಲ್ಕು ಹೆಜ್ಜೆ ನಡೆದು ನಾಲ್ಕು ಹೆಜ್ಜೆ ಓಡುತ್ತಿದ್ದ. ಎಡಗೈಯಲ್ಲಿ ಬುತ್ತಿಯ ಚೀಲ, ಅದು ಕುಲುಕದ ಹಾಗೆ ಎದೆಗೆ ಒತ್ತಿ ಹಿಡಿದಿದ್ದ. ನನ್ನನ್ನು ನೋಡಿದ. ತನ್ನ ಸೈಕಲ್ಲನ್ನೂ ನೋಡಿದ. ಬಲಗೈ ಎತ್ತಿ, ಆಮೇಲೆ ಅದರ ಬೆರಳಿನಿಂದ ಎಡಗೈ ಮಣಿಕಟ್ಟನ್ನು ಎರಡು ಸಲ ಮುಟ್ಟಿ ತೋರಿಸಿದ. ಅಲ್ಲಿ ಗಡಿಯಾರವಿರಲಿಲ್ಲ. ಟೈಮ್ ಕೇಳುತ್ತಿದ್ದಾನೆ ಎಂದುಕೊಂಡೆ. ಟೈಮ್ ಹೇಳುವುದು ನನ್ನ ಕಸುಬು. ಹ್ಯಾಂಡಲ್ ಬಿಡದೆ ಕೈ ಬಗ್ಗಿಸಿ ಗಡಿಯಾರ ನೋಡಿ, ಅವನಿಗೆ ಕೇಳಿಸುವ ಹಾಗೆ, ನಗುತ್ತ ಕೂಗಿ ಹೇಳಿದೆ.

"ಏಳು ಗಂಟೆ ಇಪ್ಪತ್ತೆರಡು ನಿಮಿಷ, ಪರಸಪ್ಪ."

ಅವನು ತಲೆಯಾಡಿಸಿ ಮುಂದೆ ಓಡಿದ. ನಾನು ಹರಿಹರದ ಕಡೆಗೆ ಹೋದೆ.

ಹೊಳೆಯ ದಂಡೆಯಲ್ಲಿ ತಿಂಡಿ ಚೆನ್ನಾಗಿತ್ತು. ಸವಾರಿಗೆ ಬರದ ಏಳು ಜನರೂ ತಿಂಡಿಗೆ ಬಂದಿದ್ದರು. ಇಕ್ಬಾಲ್ ಸ್ಕೂಟರಿನಲ್ಲಿ ಬಂದು, ಬೇರೆಯವರ ಸೈಕಲ್ ಹಿಡಿದು, ಹಣೆಗೆ ಬಾಟಲಿಯ ನೀರು ಹಚ್ಚಿಕೊಂಡು ಫೋಟೋಕ್ಕೆ ನಿಂತ. ಬೆವರು ಇಲ್ಲದಿದ್ದರೆ ದಾನಕ್ಕೆ ಬೆಲೆ ಇಲ್ಲ ಎಂದು ಅವನ ವಾದ. ಅತಿಥಿಗಳು ಮಾತಾಡಿದರು. ನಡೆದು ಶಾಲೆಗೆ ಹೋಗುವ ಮಗುವಿನ ಕಷ್ಟ ಏನೆಂದು ನಡೆದವರಿಗೇ ಗೊತ್ತು, ಹೊತ್ತಿಗೆ ಸರಿಯಾಗಿ ತಲುಪಲಾರದೆ ಬಾಗಿಲಲ್ಲಿ ನಿಲ್ಲುವ ಅವಮಾನ ಎಂಥದು ಎಂದು ಅವರು ಅಂದಾಗ ನನ್ನ ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಇತ್ತು, ಬಾಯಲ್ಲಿ ಒಂದು ತುತ್ತು ಇತ್ತು. ಆಗ ನನಗೆ ತಿಳಿಯಿತು. ಅವನು ಟೈಮ್ ಕೇಳಿರಲಿಲ್ಲ. ಗೇಟಿಗೆ ಹೇಳಿದ್ದೀರಾ ಎಂದು ಕೇಳಿದ್ದ. ತುತ್ತನ್ನು ನುಂಗಲೂ ಆಗಲಿಲ್ಲ, ಅಷ್ಟು ಜನರ ಮಧ್ಯೆ ಉಗುಳಲೂ ಆಗಲಿಲ್ಲ. ಬಾಯಲ್ಲಿಟ್ಟುಕೊಂಡೇ ಪಕ್ಕಕ್ಕೆ ಹೋಗಿ ಗೇಟಿಗೆ ಫೋನು ಮಾಡಿದೆ.

"ಬಂದಿದ್ದ ಸರ್. ಏಳೂ ಮೂವತ್ತಾರಕ್ಕೆ" ಎಂದ ಗೇಟಿನವನು. "ಸೈಕಲ್ ಕೊಟ್ಟೀನಿ, ಸಾಹೇಬ್ರು ಹೇಳಿರ್ತಾರೆ ನೋಡ್ರಿ ಅಂತ ಬಾಳ ಹೊತ್ತು ನಿಂತಿದ್ದ. ಬುಕ್ಕಿನ್ಯಾಗೆ ಏನೂ ಇರ್ಲಿಲ್ಲ. ವಾಪಸ್ ಕಳಿಸಿದ್ವಿ."

ಹೇಗೆ ಹೋದ ಎಂದು ಕೇಳಿದೆ.

"ನಡಕಂತ ಹೋದ ಸರ್. ಸೈಕಲ್ ನಿಮ್ಮ ಹತ್ರ ಐತಲ್ಲ."

ಸೋಮವಾರ ನಮಗೆ ಬದಲಿ ರಜೆ. ಆದರೂ ಕಾರ್ಖಾನೆಗೆ ಹೋದೆ. ಗುತ್ತಿಗೆದಾರನ ಸೂಪರ್‌ವೈಸರ್ ರುದ್ರೇಶ ಆಗಲೇ ಕೆಂಪು ಗುರುತು ಹಾಕಿದ್ದ. "ನಾನೇನು ಮಾಡ್ಲಿ ಸರ್, ರೂಲ್ಸ್ ನಿಮ್ದೇ" ಎಂದ. ಮೇಡಂ ಹತ್ತಿರ ಹೋಗಿ ಹೇಳಿದೆ. ಅವರು ಪಾಪ, ಮನಸ್ಸಿಟ್ಟು ಕೇಳಿದರು. "ಗುರುವಾರ ಹೊಸ ಪಟ್ಟಿ ಹೋಗುತ್ತೆ ಸರ್. ನೀವೇ ಕಣ್ಣಾರೆ ನೋಡಿದ್ದೀರಿ, ಏನು ನಡೀತೋ ಅಷ್ಟು ಬರೆದುಕೊಡಿ. ಹೆಡ್ ಆಫೀಸಿನವರು ಮೂರು ವಿಷಯ ಕೇಳ್ತಾರೆ. ಸೈಕಲ್ ಕೊಡಿ ಅಂತ ಕಂಪನಿಯಿಂದ ಬಲವಂತ ಇತ್ತಾ, ಅವರು ಎಷ್ಟು ಹೊತ್ತಿಗೆ ಬಂದ್ರು, ಮುಂಚೆ ಗೇಟಿಗೆ ತಿಳಿಸಿದ್ರಾ. ಇಷ್ಟೇ."

ನನ್ನ ಮೇಜಿಗೆ ಬಂದು ಬರೆಯಲು ಕೂತೆ. ಮೊದಲ ಕರಡಿನಲ್ಲಿ ಎಲ್ಲವೂ ಇತ್ತು. ಗೇಟಿಗೆ ತಿಳಿಸುವಂತೆ ಅವನು ನನ್ನನ್ನು ಕೇಳಿಕೊಂಡಿದ್ದ, ನಾನು ಒಪ್ಪಿಕೊಂಡಿದ್ದೆ, ಮರೆತೆ ಎಂಬ ಒಂದು ವಾಕ್ಯವೂ ಇತ್ತು. ಬರೆದು ಮುಗಿಸಿ ಓದಿದೆ. ಆ ವಾಕ್ಯ ಒಂದು ಮಾತ್ರ ಉಳಿದವುಗಳ ಜೊತೆ ಹೊಂದುತ್ತಿಲ್ಲ ಅನ್ನಿಸಿತು. ಕೇಳಿದ ಮೂರು ವಿಷಯಕ್ಕೆ ಅದು ನೇರ ಉತ್ತರವಲ್ಲ. ವರದಿಯಲ್ಲಿ ವೈಯಕ್ತಿಕ ಮಾತು ಇರಬಾರದು. ಇನ್ನು ಏಳು ವರ್ಷ ಸರ್ವೀಸಿದೆ. ಈ ಕೊನೆಯ ಕಾರಣ ಆಗ ನನ್ನ ತಲೆಯಲ್ಲಿ ಇರಲಿಲ್ಲ ಎಂದು ಹೇಳಲು ಇಷ್ಟ, ಆದರೆ ಇತ್ತು. ಹೊಸ ಹಾಳೆ ತೆಗೆದುಕೊಂಡೆ. ಸೈಕಲ್ಲನ್ನು ಸ್ವಂತ ಇಚ್ಛೆಯಿಂದ ಕೊಟ್ಟಿರುತ್ತಾರೆ. ಬೆಳಿಗ್ಗೆ ಏಳು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಗೇಟಿನಿಂದ ಒಂದೂವರೆ ಕಿಲೋಮೀಟರು ದೂರದಲ್ಲಿ ಕಂಡುಬಂದಿರುತ್ತಾರೆ. ಗೇಟಿನ ಪುಸ್ತಕದಲ್ಲಿ ಮುಂಚಿತ ಮಾಹಿತಿ ದಾಖಲಾಗಿರುವುದಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ನಾನು ಪರಸಪ್ಪನಿಗೆ ಬಹುವಚನ ಹಚ್ಚಿದ್ದು ಆ ಹಾಳೆಯಲ್ಲಿ. ಪ್ರತಿ ವಾಕ್ಯವೂ ನಿಜ. ಬೇಕಾದರೆ ಯಾವ ದೇವರ ಮುಂದೆಯೂ ನಿಂತು ಹೇಳಬಲ್ಲೆ. ಮೇಡಂ ಓದಿ, "ಎಷ್ಟು ಕ್ಲಿಯರಾಗಿ ಬರೆದಿದ್ದೀರಿ ಸರ್" ಎಂದರು.

ಮಂಗಳವಾರ ಪರಸಪ್ಪ ಸೈಕಲ್ ತೆಗೆದುಕೊಂಡು ಹೋಗಲು ಬಂದ. ಒಳಗೆ ಬಿಡಲಿಲ್ಲವಾದ್ದರಿಂದ ನಾನೇ ತಳ್ಳಿಕೊಂಡು ಗೇಟಿನ ಹೊರಗೆ ಹೋದೆ. ಅವನು ಬಗ್ಗಿ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಗಾಳಿ ಕಮ್ಮಿ ಆಗೇತಲ್ರಿ. ನಿಮಗೆ ತುಳಿಯಾಕೆ ಭಾರ ಆಗಿರ್ಬೇಕು" ಎಂದ.

ಇಲ್ಲ, ಹಗುರಾಗಿತ್ತು ಎಂದೆ. ಅವತ್ತು ಎಷ್ಟು ಹೊತ್ತಿಗೆ ಮನೆ ಮುಟ್ಟಿದೆ ಎಂದು ಕೇಳಿದೆ. ಯಾಕೆ ಕೇಳಿದೆನೋ. ಹಾಜರಿಯವನಿಗೆ ಬೇರೆ ಪ್ರಶ್ನೆ ಹೊಳೆಯುವುದಿಲ್ಲ.

"ಮುಟ್ಟಿದ್ನಿ ಬಿಡ್ರಿ. ಮನ್ಯಾಗೆ ಆಕಿ, ಸೈಕಲ್ ಯಾಕ ಕೊಟ್ಟಿ ಅಂತ ಬೈದ್ಲು. ದೊಡ್ಡೋರು ಬಾಯಿಬಿಟ್ಟು ಕೇಳಿದಾಗ ಹೆಂಗೆ ಇಲ್ಲ ಅನ್ನಾದು ಅಂದೆ." ಸೀಟಿನ ಕವರನ್ನು ಸರಿಮಾಡಿದ. ಆಮೇಲೆ ನನ್ನ ಮುಖ ನೋಡದೆ, "ನೀವು ಬರದು ಕೊಟ್ಟೀರಂತೆ, ರುದ್ರೇಶಣ್ಣ ಹೇಳಿದ" ಎಂದ.

"ಹೂಂ."

"ನೀವು ಬರದ್ರೆ ಕರೆಕ್ಟ್ ಇರ್ತೈತೆ ಬಿಡ್ರಿ. ನಾನು ಅದಕ್ಕೆ ಬ್ಯಾರೆ ಯಾರ ಕಾಲಿಗೂ ಬಿದ್ದಿಲ್ಲ."

ಸೈಕಲ್ ಹತ್ತಿ ಹೊರಟ. ಸ್ವಲ್ಪ ದೂರ ಹೋಗಿ ಇಳಿದು, ಗಾಳಿ ಇಲ್ಲದ ಟೈರಿಗೆ ಭಾರ ಬೀಳಬಾರದೆಂದು ತಳ್ಳಿಕೊಂಡು ನಡೆದ. ಅವನು ತಿರುವಿನಲ್ಲಿ ಮರೆಯಾಗುವ ತನಕ ನಾನು ಅಲ್ಲಿ ನಿಂತಿದ್ದೆ.

ಆ ಸಂಜೆ ಗಿರಿಜಾಗೆ ಎಲ್ಲ ಹೇಳಿದೆ. ಅವಳು ಸೊಪ್ಪು ಸೋಸುತ್ತ ಕೇಳಿ, "ಇನ್ನೊಂದು ಹಾಳಿ ತಗಂಡು ಆ ಬಿಟ್ಟಿದ್ದನ್ನ ಬರೀರಿ. ಅದಕ್ಕೆ ನನ್ನ ಕೇಳಬೇಕೇನು" ಎಂದಳು. ಬರೆದೆ. ನಾಲ್ಕು ಸಾಲು. ಬುಧವಾರ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋದೆ. ಮೇಡಂ ಬೆಳಿಗ್ಗೆಯಿಂದ ಮೀಟಿಂಗಿನಲ್ಲಿದ್ದರು, ಸಂಜೆ ಐದಕ್ಕೆ ಹೊರಬಂದಾಗ ಸುಸ್ತಾದ ಹಾಗೆ ಕಂಡರು. ಗುರುವಾರ ಮಕ್ಕಳಿಗೆ ಸೈಕಲ್ ಹಂಚುವ ಕಾರ್ಯಕ್ರಮವಿತ್ತು. ಹದಿನೇಳು ಹೊಸ ಸೈಕಲ್, ಹದಿನೇಳು ಮಕ್ಕಳು. ಅವರಲ್ಲಿ ಒಬ್ಬ ಹುಡುಗಿ ಬೆಲ್ ಬಾರಿಸುವುದನ್ನು ನಿಲ್ಲಿಸಲೇ ಇಲ್ಲ. ನನ್ನನ್ನೂ ಮೇಲೆ ಕರೆದು ಶಾಲು ಹೊದಿಸಿದರು. ಶಾಲು ಹೊದಿಸಿಕೊಂಡು ನಿಂತವನು ಜೇಬಿಗೆ ಕೈ ಹಾಕಿ ಚೀಟಿ ತೆಗೆಯುವುದು ಸಭೆಗೆ ಶೋಭೆಯಲ್ಲ. ಅದೇ ಸಂಜೆ ಪಟ್ಟಿ ಹೋಯಿತು. ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೆ, ಮಡಿಕೆಯಲ್ಲಿ ಬೆವರಿಗೆ ಮೆತ್ತಗಾಗಿದ್ದ ಆ ಹಾಳೆಯನ್ನು ಮೇಡಂ ಮೇಜಿನ ಮೇಲೆ ಇಟ್ಟೆ.

ಅವರು ಎರಡು ಸಲ ಓದಿದರು. "ಇದು ನಿನ್ನೆ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು ಸರ್. ಈಗ ಆ ಜಾಗಕ್ಕೆ ಬೇರೆಯವರ ಹೆಸರು ಹೋಗಿದೆ, ಅವರೂ ಪಾಪದವರೇ" ಎಂದರು. ನಾನು ತಲೆ ಬಗ್ಗಿಸಿ ನಿಂತಿದ್ದೆ. ಅವರು ಅದನ್ನು ಬೇರೆ ಅರ್ಥ ಮಾಡಿಕೊಂಡರೆಂದು ಕಾಣುತ್ತದೆ. ಹಾಳೆಯನ್ನು ಮಡಿಸಿ ಫೈಲಿನ ಒಳಗೆ ಇಟ್ಟು, ಬಹಳ ಮೃದುವಾಗಿ, "ನೀವು ಹೆದರಬೇಡಿ ಸರ್. ಇದರಿಂದ ನಿಮಗೇನೂ ಆಗಲ್ಲ. ಮುಂದಿನ ವರ್ಷವೂ ನೀವೇ ನಡೆಸಿಕೊಡಬೇಕು, ಹೆಡ್ ಆಫೀಸಿನವರು ಬಹಳ ಮೆಚ್ಚಿಕೊಂಡಿದ್ದಾರೆ" ಎಂದರು.

ಆದದ್ದನ್ನು ಆದ ಕ್ರಮದಲ್ಲೇ ಹೇಳಬೇಕಾದರೆ, ನಿಮಗೇನೂ ಆಗಲ್ಲ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಮೊದಲು ಆದದ್ದು ನೆಮ್ಮದಿ. ಐದು ದಿನದಿಂದ ಹಿಡಿದುಕೊಂಡಿದ್ದ ಉಸಿರು ಹಗುರಾಗಿ ಹೊರಗೆ ಹೋಯಿತು. ನಾಚಿಕೆಯೂ ಬಂತು, ಬರಲಿಲ್ಲ ಎಂದಲ್ಲ. ಆದರೆ ಅದು ಬಂದು ಮುಟ್ಟುವ ಹೊತ್ತಿಗೆ ನಾನು ಮೆಟ್ಟಿಲಿಳಿಯುತ್ತಿದ್ದೆ, ಮುಂದಿನ ವರ್ಷದ ಸವಾರಿಗೆ ಆಗಲಿ ಮೇಡಂ ಎಂದು ಹೇಳಿಯಾಗಿತ್ತು.